ಕೆಸರಿಗಿಳಿದವರನ್ನು ಕೇಳಿ ನಿಷೇಧಿಸಿ

ಬಂಧುಗಳೇ, ಅಘನಾಶಿನಿ ದಂಡೆಯವರ ಮುಂದೆ ನಿಂತು ಬಳಚು ಎಂದರೆ ಹೊಳೆಯ ಕೆಸರಿನಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ ಎಂದು ವಿವರಿಸುವ ಅಗತ್ಯವಿಲ್ಲ. ಹೊಳೆ ಕಡಲು ಸೇರುವ ನಮ್ಮ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ ಸೇರಿತು, ಸಂತೋಷ. ಆದರೆ ಅದಾದ ಮೇಲೆ “ಚಿಪ್ಪು ಆರಿಸುವುದನ್ನೇ ನಿಲ್ಲಿಸಿಬಿಡಿ” ಎನ್ನುವವರನ್ನೂ ಕಂಡಿದ್ದೇನೆ. ಅವರಿಗಾಗಿ ಒಂದು ಹಳೆಯ ಸಂಗತಿ ಹೇಳುತ್ತೇನೆ.

ನನಗಾಗ ಎಂಟೋ ಒಂಬತ್ತೋ ವರ್ಷ. ನೆರೆಮನೆಯ ಅಜ್ಜಿಯ ಬೆನ್ನಿಗೆ ಬಿದ್ದು ಇಳಿತದ ಹೊತ್ತಿಗೆ ಹೊಳೆಗೆ ಹೋದೆ. ಮೊಣಕಾಲುದ್ದ ನೀರು. ಅಜ್ಜಿ ಬಗ್ಗುತ್ತಲೇ ಇರಲಿಲ್ಲ. ಅಂಗಾಲಿನಿಂದ ಕೆಸರನ್ನು ತಡವಿ, ಏನೋ ತಾಗಿದಾಗ ಮಾತ್ರ ಕೈ ಹಾಕುತ್ತಿದ್ದರು. ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ, ಅವರಿಗಿಂತ ಮೊದಲು ಬುಟ್ಟಿ ತುಂಬಿಸಿ ಬೀಗಿದೆ. ಅಜ್ಜಿ ಬುಟ್ಟಿಯನ್ನು ಹಾಗೇ ನೀರಿಗೆ ಬೋರಲು ಹಾಕಿದರು. “ತಮ್ಮಾ, ಇವು ಇನ್ನೂ ತೊಟ್ಟಿಲಲ್ಲಿವೆ” ಎಂದರು. ನಾನು ದಾರಿಯುದ್ದಕ್ಕೂ ಅತ್ತೆ. ಕೊನೆಗೆ ತಮ್ಮ ಪಾಲಿನಿಂದ ಎರಡು ಬೊಗಸೆ ಕೊಟ್ಟರು. ಅಂದು ಸಂಜೆ ಅಮ್ಮ ಮಾಡಿದ ಬಳಚಿನ ಸುಕ್ಕೆಯ ರುಚಿ ಇಂದಿಗೂ ನಾಲಿಗೆಯಲ್ಲಿದೆ. ಎಳೆಯದನ್ನು ಮುಟ್ಟಬಾರದೆಂಬ ನಿಷೇಧ ಆ ಅಂಗಾಲಿನಲ್ಲೇ ಇತ್ತು. ಅದನ್ನು ಯಾವ ಇಲಾಖೆಯೂ ಬರೆದುಕೊಟ್ಟಿರಲಿಲ್ಲ.

ನಿಷೇಧವೇ ಬೇಡ ಎನ್ನುತ್ತಿಲ್ಲ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರನ್ನು ನೋಡಿ. ಅಲ್ಲಿ ಕಕ್ಕ ಎನ್ನುವುದು ನಮ್ಮ ಬಳಚಿನ ಬಳಗದ್ದೇ. ವಿದೇಶದ ಬೇಡಿಕೆ ಏರಿತು. 1991ರಲ್ಲಿ ಸುಮಾರು 10,000 ಟನ್ ತೆಗೆದರು. ಎರಡೇ ವರ್ಷದಲ್ಲಿ ಇಳುವರಿ ಅರ್ಧಕ್ಕೆ ಕುಸಿಯಿತು. ಆಗ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಮೊಟ್ಟೆಯಿಡುವ ಕಾಲಕ್ಕೆ, ತೆಗೆಯುವುದನ್ನು ನಿಲ್ಲಿಸಿದರು. ಬಲೆಯ ಕಣ್ಣಿಗೆ ಅಳತೆ ಬಂತು, ಯಂತ್ರಕ್ಕೆ ತಡೆ ಬಂತು. ಕಕ್ಕ ಮರಳಿತು. ಸಂಪತ್ತು ಬರಿದಾಗದಂತೆ ಹಿಡಿಯುವ ಮೀನುಗಾರಿಕೆಗೆ ಕೊಡುವ ಅಂತರರಾಷ್ಟ್ರೀಯ ಎಂಎಸ್‌ಸಿ ಪ್ರಮಾಣಪತ್ರ, ಭಾರತದಲ್ಲೇ ಮೊದಲನೆಯದು, 2014ರಲ್ಲಿ ಅದಕ್ಕೆ ಸಿಕ್ಕಿತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಆಡಳಿತ ಮಂಡಳಿಯಲ್ಲಿ ವಿಜ್ಞಾನಿಗಳ ಪಕ್ಕದಲ್ಲೇ ಮೀನುಗಾರರಿಗೂ ಜಾಗವಿತ್ತು. ನನ್ನ ಮಾತು ಇಷ್ಟೇ: ಕೆಸರಿಗಿಳಿದವರನ್ನು ಕೇಳಿ.

ಮುಂದೆ ಅಲ್ಲಿಯೂ ಕಕ್ಕ ಮತ್ತೆ ಇಳಿಯಿತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮರಿಗಳನ್ನು ತಂದು ಬಿಡಬೇಕಾಯಿತು. ನೀರು ಕೆಟ್ಟರೆ, ಉಪ್ಪು ಸಿಹಿಗಳ ಹದ ತಪ್ಪಿದರೆ, ಮೂರು ತಿಂಗಳ ಬಿಡುವಿನಿಂದ ಏನಾದೀತು? ಮರಳಿನ ಜೊತೆ ಬಳಚಿನ ನೆಲವನ್ನೇ ಬಗೆದು ಸಾಗಿಸುವವರನ್ನು ಬಿಟ್ಟು, ಬುಟ್ಟಿ ಹಿಡಿದ ಹೆಂಗಸನ್ನು ತಡೆಯುವುದು ಯಾವ ನ್ಯಾಯ?

ಹೊತ್ತಾಯಿತೆಂದು ಸಭೆಯ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ವಿಷಪಾಚಿಯ ವಿಚಾರ ಉಳಿಯಿತು, ಒಂದೇ ಮಾತು. ಪಾಚಿಯ ವಿಷ ಏರಿದ ಚಿಪ್ಪನ್ನು ಕುದಿಸಿದರೂ ಅದು ಹೋಗುವುದಿಲ್ಲ. ಆಗ ನಿಷೇಧ ತಕ್ಷಣ ಬೇಕು, ಜೊತೆಗೆ ಆ ದಿನಗಳ ಕೂಲಿಯೂ ಬೇಕು. ಟ್ರಾಲರ್‌ಗಳಿಗೆ ಮಳೆಗಾಲದ ರಜೆ ಇದೆ, ಅದರ ಲೆಕ್ಕವೂ ಇದೆ. ದೋಣಿಯೇ ಇಲ್ಲದೆ ಕಾಲನ್ನೇ ನಂಬಿದವಳು ಯಾವ ಪಟ್ಟಿಗೆ ಸೇರುತ್ತಾಳೆ?

ನಮ್ಮಲ್ಲೂ ಅಷ್ಟಮುಡಿಯಂಥ ಮಂಡಳಿಯಾಗಲಿ. ಅರ್ಧದಷ್ಟು ಜಾಗ ಹೆಂಗಸರಿಗಿರಲಿ. ಮೊದಲ ಸಭೆ ಅಮಾವಾಸ್ಯೆಯ ಇಳಿತದ ಹೊತ್ತಿಗೆ, ತದಡಿಯ ದಂಡೆಯಲ್ಲಿ ನಡೆಯಲಿ. ಅಧಿಕಾರಿಗಳು ಚಪ್ಪಲಿ ಬಿಟ್ಟು ನೀರಿಗಿಳಿಯಲಿ, ನಾನೂ ಇಳಿಯುತ್ತೇನೆ.