ಎಲ್ಲ ಯೋಜನೆಗಳೂ ಬಂದು ಸೇರುವ ಮೇಜು

ಕೇಳುಗರೇ, ನಮಸ್ಕಾರ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾದದ್ದು. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಹೋಗುವ ಎಷ್ಟೋ ಜನರಿಗೆ ಅಲ್ಲೇನು ನಡೆಯಿತು ಅನ್ನೋದು ಗೊತ್ತಿರಲಿಕ್ಕಿಲ್ಲ. ಇಡೀ ದೇಶದ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡದ್ದು ಅಲ್ಲೇ.

ಆ ಕಾಲದಲ್ಲಿ ಓದಿದವರಲ್ಲಿ ಒಂದು ನಂಬಿಕೆ ಇತ್ತು. ಹಳ್ಳಿ ಜನಕ್ಕೆ ಕಾಯಿಲೆಯ ತಿಳುವಳಿಕೆ ಇಲ್ಲ, ಕರೆದರೂ ಆಸ್ಪತ್ರೆಗೆ ಬರೋದಿಲ್ಲ ಅಂತ. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇದು ನಿಜವೇ ಎಂದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ ನೋಡಿದರು. ಅವರ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಕ್ಷಯ ಇದ್ದವರಲ್ಲಿ ಹೆಚ್ಚಿನವರಿಗೆ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೋ ಡಿಸ್ಪೆನ್ಸರಿಗೋ ಹೋಗಿಬಂದಿದ್ದರು. ಅಲ್ಲಿ ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಒಂದು ಸೀಸೆ.

ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಕೂಲಿ ಬಿಟ್ಟು, ಮೈಲಿಗಟ್ಟಲೆ ನಡೆದು ಬಂದವರು ಅವರು. ಬಂದ ಮೇಲೂ ಕಾಯಿಲೆ ಪತ್ತೆಯಾಗಲಿಲ್ಲ.

1962ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಸಂಸ್ಥೆಯ ಕೆಲಸದ ಗುರುತು ಎದ್ದು ಕಾಣುತ್ತದೆ. ಕ್ಷಯಕ್ಕೆ ಅಂತಲೇ ಬೇರೆ ಆಸ್ಪತ್ರೆ, ಬೇರೆ ಸಿಬ್ಬಂದಿ ಕಟ್ಟುತ್ತಾ ಕೂರುವ ಬದಲು, ಜನ ಈಗಾಗಲೇ ಬರುತ್ತಿರುವ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮಾಡಿ, ಅಲ್ಲೇ ಮಾತ್ರೆ ಕೊಡಿ ಎಂಬುದು ಅದರ ತಿರುಳು. ಮದ್ರಾಸಿನಲ್ಲಿ ನಡೆದ ಇನ್ನೊಂದು ಸಂಶೋಧನೆ, ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಂಡರೂ ಕ್ಷಯರೋಗಿಗಳನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಸ್ಯಾನಟೋರಿಯಂ ಆಸ್ಪತ್ರೆಯಲ್ಲಿ ಇದ್ದಷ್ಟೇ ಚೆನ್ನಾಗಿ ವಾಸಿಯಾಗುತ್ತದೆ ಎಂದು 1959ರಲ್ಲೇ ತೋರಿಸಿತ್ತು. ಆದ್ದರಿಂದ ಇದು ಸಾಧ್ಯವಾಯಿತು.

ಆರೋಗ್ಯ ವ್ಯವಸ್ಥೆಗಳನ್ನು ಒಂದಕ್ಕೊಂದು ಜೋಡಿಸುವುದು ಅಂತ ಇವತ್ತು ಎಲ್ಲ ಕಡೆ ಮಾತು ಕೇಳುತ್ತೇವೆ. ರೋಗ ತಡೆಯುವ ಕೆಲಸ, ವಾಸಿ ಮಾಡುವ ಕೆಲಸ ಎರಡೂ ಒಂದೇ ಸೂರಿನಡಿ ಇರಬೇಕು ಎಂದು, ದೇಶದ ಆರೋಗ್ಯ ಸೇವೆ ಹೇಗಿರಬೇಕು ಅಂತ ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಮಾತು ಹೊಸದಲ್ಲ. ಆದರೆ ಈ ಜೋಡಣೆ ನಿಜವಾಗಿ ನಡೆಯುವುದು ಎಲ್ಲಿ? ನನ್ನ ಪ್ರಕಾರ ವಿಧಾನಸೌಧದ ಆದೇಶದಲ್ಲಿ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಮೇಜಿನ ಮೇಲೆ.

ನಗರದ ದಕ್ಷಿಣ ಭಾಗದ ಒಂದು ಕೇಂದ್ರದಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಗುರುವಾರ, ಲಸಿಕೆ ದಿನ. ಮೇಜಿನ ಮೇಲೆ ನೀಲಿ ಲಸಿಕೆ ಡಬ್ಬಿ, ಬಿಪಿ ಮಿಷನ್ನು, ಶುಗರ್ ಸ್ಟ್ರಿಪ್ಪು, ತಾಯಿ ಕಾರ್ಡುಗಳ ಕಟ್ಟು. ಪಕ್ಕದಲ್ಲಿ ರಿಜಿಸ್ಟರ್‌ಗಳ ಸಾಲು, ಚಾರ್ಜಿಗೆ ಹಾಕಿದ ಟ್ಯಾಬ್. ಮನೆಕೆಲಸಕ್ಕೆ ಹೋಗುವ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ಬಂದಳು. ಸಿಸ್ಟರ್ ಸೂಜಿ ಹಾಕಿದರು. ಅಳುವ ಮಗುವನ್ನು ಆಡಿಸುತ್ತಲೇ ಕೇಳಿದರು: "ನಿಮ್ಮತ್ತೆ ಕೆಮ್ತಾ ಇದ್ರಲ್ಲ, ಈಗ ಹೇಗಿದಾರೆ?"

"ಹಂಗೇ ಇದೆ ಸಿಸ್ಟರ್. ರಾತ್ರಿ ಜಾಸ್ತಿ."

"ಎರಡು ವಾರದ ಮೇಲಾಯ್ತಲ್ವಾ? ಅವರಿಗೆ ಶುಗರ್ ಬೇರೆ ಇದೆ. ಸುಮ್ನೆ ಬಿಡಬೇಡಿ. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ಕಫ ಟೆಸ್ಟ್ ಮಾಡಿಸೋಣ."

ಅಷ್ಟೇ ಮಾತು. ಆದರೆ ಅದರಲ್ಲಿ ಮೂರು ಸರ್ಕಾರಿ ಕಾರ್ಯಕ್ರಮಗಳಿದ್ದವು. ಮಗುವಿನ ಲಸಿಕೆ, ಅತ್ತೆಯ ಸಕ್ಕರೆ ಕಾಯಿಲೆ, ಕ್ಷಯ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಅಪಾಯ ಎರಡು ಮೂರು ಪಟ್ಟು ಹೆಚ್ಚು ಅನ್ನೋದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ದೆಹಲಿಯಲ್ಲಿ 2017ರಲ್ಲಿ ಈ ಎರಡು ಕಾಯಿಲೆಗಳ ಕಾರ್ಯಕ್ರಮಗಳನ್ನು ಜೋಡಿಸಲು ಮಾರ್ಗಸೂಚಿಯೇ ಬಂತು. ಇಲ್ಲಿ ಅದನ್ನು ಜೋಡಿಸಿದ್ದು ಆ ಮನೆಯನ್ನು ಬಲ್ಲ ಒಬ್ಬ ಹೆಣ್ಣುಮಗಳ ನೆನಪು.

ತಾಯಿ ಹೊರಟ ಮೇಲೆ ಸಿಸ್ಟರ್ ಬರೆಯೋಕೆ ಕೂತರು. ಲಸಿಕೆಯದು ಒಂದು ಕಡೆ. ಬಿಪಿ, ಶುಗರ್‌ದು ಇನ್ನೊಂದು ಕಡೆ. ಕ್ಷಯಕ್ಕೆ ನಿಕ್ಷಯ್ ಪೋರ್ಟಲ್ ಬೇರೆ. ಅದೇ ಹೆಸರು, ಅದೇ ವಯಸ್ಸು, ಅದೇ ಫೋನ್ ನಂಬರ್. ಸಾಲಿನಲ್ಲಿ ನಿಂತವರು ಕಾಯುತ್ತಲೇ ಇದ್ದರು. ಮುಂದಿನ ತಾಯಿಗೆ ಸೂಜಿ ಹಾಕಿದಾಗ ಸಿಸ್ಟರ್ ಏನನ್ನೂ ಕೇಳಲಿಲ್ಲ. ಸಮಯ ಇರಲಿಲ್ಲ.

ಜೋಡಣೆ ಎಲ್ಲಿ ಸೋಲುತ್ತದೆ ಅಂತ ನನಗೆ ಕಂಡದ್ದು ಅಲ್ಲೇ. ಮೇಲಿನಿಂದ ಕಾರ್ಯಕ್ರಮಗಳು ಒಂದೊಂದಾಗಿ ಬರುತ್ತವೆ. ಕೆಳಗೆ ಅವನ್ನೆಲ್ಲ ಹೊರುವ ಕೈಗಳು ಅವೇ ಎರಡು. ಹೊಸದು ಬಂದಾಗ ಹಳೆಯದು ಯಾವುದೂ ಇಳಿಯುವುದಿಲ್ಲ.

ಬೆಂಗಳೂರಿನ ಪಾಡು ಇನ್ನೂ ಸ್ವಲ್ಪ ಬೇರೆ. ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಬಂತು. ನಗರಗಳಿಗೆ ಅಂಥದ್ದು ಬಂದದ್ದು 2013ರಲ್ಲಿ. ಬಯಲು ಸೀಮೆಯ ಹಳ್ಳಿಗಳಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋದು ಲೆಕ್ಕ. ನಗರದಲ್ಲಿ 50 ಸಾವಿರಕ್ಕೆ ಒಂದು. ನಮ್ಮಲ್ಲಿ ವಿಕ್ಟೋರಿಯಾ, ಬೌರಿಂಗ್ ವೈದ್ಯಕೀಯ ಶಿಕ್ಷಣ ಇಲಾಖೆಯ ಕಡೆಯವು. ಕೆ.ಸಿ. ಜನರಲ್, ಜಯನಗರ ಜನರಲ್ ಆರೋಗ್ಯ ಇಲಾಖೆಯವು. ಹೆರಿಗೆ ಆಸ್ಪತ್ರೆಗಳು ಪಾಲಿಕೆಯ ಕಡೆ. ವಾರ್ಡಿಗೊಂದರಂತೆ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಕ್ಲಿನಿಕ್‌ಗಳು ಬಂದವು, ಒಳ್ಳೆಯದೇ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ಪಾಲಾಯಿತು. ಇಷ್ಟೆಲ್ಲದರ ನಡುವೆ ಓಡಾಡುವ ರೋಗಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ, ನೋಡಿದ್ದೀರಲ್ವಾ? ಹಳೇ ಚೀಟಿ, ಎಕ್ಸ್‌ರೇ, ರಕ್ತದ ರಿಪೋರ್ಟು ಎಲ್ಲ ಅದರಲ್ಲೇ. ಇಲಾಖೆಗಳನ್ನು ಸದ್ಯಕ್ಕೆ ಜೋಡಿಸುತ್ತಿರುವುದು ಆ ಕವರ್ರೇ. ಮಳೆಯಲ್ಲಿ ಅದು ನೆನೆದರೆ ಚಿಕಿತ್ಸೆ ಮತ್ತೆ ಮೊದಲಿಂದ.

ಇನ್ನು ಆಶಾ ಕಾರ್ಯಕರ್ತೆಯರ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾಗಳು ಇದೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಕಳೆದರು. ಗೌರವಧನ ಹೆಚ್ಚಬೇಕು, ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ ಪೋರ್ಟಲ್‌ನಲ್ಲಿ ಕಳೆದುಹೋಗಬಾರದು ಎಂಬುದು ಅವರ ಬೇಡಿಕೆ. ಕಾಗದದ ಮೇಲೆ ಅವರು ಇಂದಿಗೂ ಸ್ವಯಂಸೇವಕಿಯರು. ಮೂವತ್ತು ದಾಟಿದವರ ಸೊಂಟದ ಸುತ್ತಳತೆ ತೆಗೆದು, ತಂಬಾಕು, ಕುಡಿತ, ಮನೆಯವರ ಕಾಯಿಲೆ ಎಲ್ಲ ಕೇಳಿ ಫಾರಂ ತುಂಬುವುದು ಅವರೇ. ಬಾಡಿಗೆ ಮನೆ ಬದಲಿಸಿದ ಗರ್ಭಿಣಿಯನ್ನು ಹುಡುಕಿಕೊಂಡು ಹೋಗುವುದೂ ಅವರೇ. ಇವರ ದುಡಿಮೆಗೆ ಸರಿಯಾದ ಸಂಬಳ ಇಲ್ಲದೆ ಪ್ರಾಥಮಿಕ ಆರೋಗ್ಯದ ಬಗ್ಗೆ ಏನು ಸಂಶೋಧನೆ ಮಾಡಿದರೂ ಅದು ಅರ್ಧವೇ ಅಂತ ನಾನು ನಂಬುತ್ತೇನೆ.

ಸಿಬ್ಬಂದಿಗೆ ಬೆಂಬಲ ಅಂದರೆ ತರಬೇತಿ ಅಂತ ನಾವು ಬೇಗ ಹೇಳಿಬಿಡುತ್ತೇವೆ. ಎಂಥ ತರಬೇತಿ ಅನ್ನೋದಕ್ಕೆ ನಮ್ಮ ನಿಮ್ಹಾನ್ಸ್‌ನಲ್ಲೇ ಒಳ್ಳೆಯ ಉದಾಹರಣೆ ಇದೆ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರು, ಸಹಾಯಕಿಯರು ಮಾನಸಿಕ ಕಾಯಿಲೆಯನ್ನು ಗುರುತಿಸಿ ನೋಡಿಕೊಳ್ಳಬಲ್ಲರೇ ಎಂಬ ಪ್ರಯೋಗ ಶುರುವಾಯಿತು. ಎಂಬತ್ತರ ದಶಕದಲ್ಲಿ ಅದನ್ನು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಹುಟ್ಟಿದ್ದು ಅದರ ಮಾದರಿಯಲ್ಲೇ. ಇತ್ತೀಚೆಗೆ ನಿಮ್ಹಾನ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ವೈದ್ಯರನ್ನು ತರಗತಿಗೆ ಕರೆಸಿ ಪಾಠ ಹೇಳಿ ಕಳಿಸುವುದರ ಜೊತೆಗೆ, ಅವರು ತಮ್ಮ ಕೇಂದ್ರದಲ್ಲೇ ತಮ್ಮ ರೋಗಿಯನ್ನು ನೋಡುವಾಗ ಮನೋವೈದ್ಯರು ವಿಡಿಯೋ ಮೂಲಕ ಜೊತೆಗೂಡಿ ಕಲಿಸುತ್ತಾರೆ. ಮೈಕೈ ನೋವು, ನಿದ್ದೆ ಇಲ್ಲ, ಸುಸ್ತು ಅಂತ ಬಂದ ಹೆಂಗಸಿಗೆ ಬಿ-ಕಾಂಪ್ಲೆಕ್ಸ್ ಮಾತ್ರೆ ಬರೆದು ಕಳಿಸುವ ಬದಲು, ಖಿನ್ನತೆ ಇರಬಹುದೇ ಅಂತ ಎರಡು ಪ್ರಶ್ನೆ ಕೇಳುವ ಧೈರ್ಯ ಆ ವೈದ್ಯರಿಗೆ ಬರುತ್ತದೆ. ಅರವತ್ತು ವರ್ಷದ ಹಿಂದೆ ತುಮಕೂರಿನ ಹಳ್ಳಿಗರಿಗೆ ಸಿಕ್ಕದೇ ಹೋದದ್ದು ಇಂಥ ಎರಡು ಪ್ರಶ್ನೆಗಳೇ.

ಆದರೆ ಹೀಗೆ ಕಲಿತವರು ಗುತ್ತಿಗೆ ಮುಗಿದು ಹೋಗಿಬಿಟ್ಟರೆ? ಕಲಿತದ್ದೂ ಅವರ ಜೊತೆಗೇ ಹೋಗುತ್ತದೆ. ಆದ್ದರಿಂದ ನಮ್ಮ ಸಂಶೋಧಕರಿಗೆ ನನ್ನದೊಂದು ವಿನಂತಿ. ಎಷ್ಟು ಜನರ ತಪಾಸಣೆ ಆಯಿತು ಅಂತ ಎಣಿಸುವಾಗ, ಸಿಸ್ಟರ್ ಎಷ್ಟು ಹೊತ್ತು ರೋಗಿಯ ಜೊತೆ ಮಾತಾಡಿದರು, ಎಷ್ಟು ಹೊತ್ತು ಟ್ಯಾಬ್ ಮುಂದೆ ಕೂತರು ಅನ್ನೋದನ್ನೂ ಎಣಿಸಿ. ಕೆಲಸ ಬಿಟ್ಟು ಹೋದವರನ್ನು ಹುಡುಕಿ, ಯಾಕೆ ಬಿಟ್ಟರು ಅಂತ ಕೇಳಿ. ಪ್ರಶ್ನಾವಳಿ ಬರೆಯುವ ಮೊದಲೇ ಆಶಾಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಧಿಕಾರಿಗಳಿಗೂ ಒಂದು ಮಾತು: ಹೊಸ ಯೋಜನೆಯ ಆದೇಶದ ಮೊದಲ ಪುಟದಲ್ಲೇ, ಈ ಯೋಜನೆಯಿಂದ ಯಾವ ಹಳೇ ರಿಜಿಸ್ಟರ್ ಮುಚ್ಚುತ್ತೇವೆ ಅಂತ ಬರೆಯಿರಿ. ಐದು ಪಾಲಿಕೆಗಳು ತಮ್ಮ ತಮ್ಮ ಪದ್ಧತಿಗಳನ್ನು ಹೊಸದಾಗಿ ಕಟ್ಟಿಕೊಳ್ಳುತ್ತಿವೆ. ಐದು ಬೇರೆ ಬೇರೆ ಪೋರ್ಟಲ್ ಹುಟ್ಟುವ ಮೊದಲೇ ಇದು ಆಗಬೇಕು.

ಈ ಭಾಷಣವನ್ನು ಆಶಾಗಳು, ಸಿಸ್ಟರ್‌ಗಳು, ಕೇಂದ್ರದ ವೈದ್ಯರು ಯಾರಾದರೂ ಕೇಳುತ್ತಿದ್ದರೆ ಅವರಿಗೊಂದು ಮಾತು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿಗಳಿಗೆ ನೀವು ಈ ನಂಬರ್ ಕೊಡುತ್ತೀರಿ. ಕೆಲಸದ ಭಾರಕ್ಕೆ ಮನಸ್ಸು ಕುಸಿದ ದಿನ ನೀವೂ ಕರೆ ಮಾಡಬಹುದು. ನಮಸ್ಕಾರ.