ಅಚ್ಚಿಂದ ತೆಗೆದ್ಮೇಲೆ ಉಜ್ಜಿ

ಎಲ್ಲರಿಗೂ ನಮಸ್ಕಾರ. ತಾಮ್ರ ಕರಗೋಕೆ 1085 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಅದಕ್ಕೆ ಕುಲುಮೆ ಬೇಕು, ಮೂಸೆ ಬೇಕು. ಕೋಲ್ಡ್ ಕಾಸ್ಟಿಂಗಲ್ಲಿ ಅದ್ಯಾವ್ದೂ ಬೇಡ ನೋಡಿ, ಹಿಟ್ಟಿನಷ್ಟು ನುಣ್ಣಗಿರೋ ಕಂಚು, ತಾಮ್ರ ಇಲ್ಲಾ ಹಿತ್ತಾಳೆ ಪುಡೀನ ರೆಸಿನ್ ಜೊತೆ, ಅಂದ್ರೆ ಹುಯ್ದ ಮೇಲೆ ಪ್ಲಾಸ್ಟಿಕ್ ಥರ ಗಟ್ಟಿಯಾಗೋ ದ್ರವದ ಜೊತೆ, ಕಲಸಿ ರಬ್ಬರ್ ಅಚ್ಚಿಗೆ ಹುಯ್ಯೋದು. ಆದ್ರೆ ಅಚ್ಚಿಂದ ತೆಗೆದ ತಕ್ಷಣ ಮೂರ್ತಿ ಆಯ್ತು ಅಂದ್ಕೋಬೇಡಿ. ಉಜ್ಜಬೇಕು. ಇವತ್ತು ನಾನು ಹೇಳೋಕೆ ಬಂದಿರೋದೇ ಇದು.

ನನ್ನ ಹತ್ರ ಕಲಿಯೋಕೆ ಒಬ್ಳು ಹುಡುಗಿ ಬರ್ತಿದ್ಲು, ಅವಳ ಅಜ್ಜಿ ಮುಖನ ಜೇಡಿಮಣ್ಣಲ್ಲಿ ಮಾಡಿ, ಕಣ್ಣಂಚಿನ ಒಂದೊಂದು ಸುಕ್ಕೂ ಬಿಡದೆ ತಿದ್ದಿ, ಅದರ ಮೇಲೆ ಸಿಲಿಕೋನ್ ಅಚ್ಚು ತೆಗೆದಿದ್ಲು. ಒಣ ಬ್ರಷ್ಷಲ್ಲಿ ಕಂಚಿನ ಪುಡೀನ ಅಚ್ಚಿನ ಒಳಗೆಲ್ಲ ಸವರಿ, ಹೆಚ್ಚಾಗಿದ್ದನ್ನ ತಟ್ಟಿ ಉದುರಿಸಿ, ಒಂದು ಕಪ್ ರೆಸಿನ್‌ಗೆ ಒಂದು ಕಪ್ ಪುಡಿ ಕಲಸಿ ಮೊದಲ ಪದರ ಬಳಿದು, ಅದು ಅಂಟಂಟಾದ್ಮೇಲೆ ಒಳಗೆ ಬರೀ ರೆಸಿನ್ ತುಂಬಿದ್ಲು. ಎಲ್ಲ ಸರಿಯಾಗೇ ಮಾಡಿದ್ಲು. ಮಾರನೇ ದಿನ ಅಚ್ಚು ಬಿಡಿಸಿದ್ರೆ ಮಂಕು ಕಂದು ಬಣ್ಣ, ಥೇಟ್ ಪ್ಲಾಸ್ಟಿಕ್. ಕಣ್ಣಲ್ಲಿ ನೀರು ತುಂಬ್ಕೊಂಡು, ಚಿನ್ನದ ಬಣ್ಣ ಹೊಡೀಲಾ ಸರ್ ಅಂದ್ಲು. ಬೇಡಮ್ಮ ಅಂತ ಕೈಗೆ ಸ್ಟೀಲ್ ವುಲ್, ಅಂದ್ರೆ ತೆಳ್ಳನೆ ಉಕ್ಕಿನ ಎಳೆಗಳ ಉಂಡೆ, ಕೊಟ್ಟು ಮೂಗಿನ ಮೇಲೆ ಮಾತ್ರ ಉಜ್ಜು ಅಂದೆ. ಸ್ವಲ್ಪ ಹೊತ್ತಿಗೆ ಮೂಗಿನ ತುದೀಲಿ ಒಂದು ಚುಕ್ಕೆ ಹೊಳೀತು, ಆಮೇಲೆ ಕೆನ್ನೆ, ಹುಬ್ಬು, ಓಲೆ. ಸುಕ್ಕಿನ ಸಂದಿಗೆ ಕಪ್ಪು ಶೂ ಪಾಲಿಶ್ ತುಂಬಿ ಬಟ್ಟೇಲಿ ಒರೆಸಿದ್ಮೇಲೆ ಅವಳು "ಅಜ್ಜಿ" ಅಂದ್ಲು, ಅಷ್ಟೇ.

ಪ್ರತಿ ಪುಡಿ ಕಣದ ಮೇಲೂ ರೆಸಿನ್ ತೆಳ್ಳಗೆ ಪೊರೆ ಕಟ್ಟಿರುತ್ತೆ, ಉಜ್ಜಿದ್ರೆ ಪೊರೆ ಹೋಗಿ ನಿಜವಾದ ಲೋಹ ಹೊರಗೆ ಬರುತ್ತೆ. ಪುಡೀಲಿ ಜಿಪುಣತನ ಮಾಡಿದ್ರೆ ಎಷ್ಟು ಉಜ್ಜಿದ್ರೂ ಪ್ಲಾಸ್ಟಿಕ್ಕೇ. ಇಷ್ಟು ಹೇಳಿದ್ಮೇಲೂ ಯಾವ ಸ್ಪ್ರೇ ಹೊಡೀಬೇಕು ಅಂತ ಕೇಳೋರಿದ್ದಾರೆ, ದಯವಿಟ್ಟು ಬೇಡ, ಒಳಗೆ ಅಸಲಿ ಕಂಚೇ ಇರುವಾಗ ಮೇಲೆ ಬಣ್ಣ ಯಾಕೆ? ಮೊದಲು ಒರಟು ವುಲ್, ಕೊನೇಗೆ 0000 ನಂಬರಿನ ನುಣುಪು ವುಲ್.

ಸಮಯ ಆಗ್ತಾ ಬಂತು, ಬೇಗ ಹೇಳ್ಬಿಡ್ತೀನಿ. ಪುಡಿ ಭಾರ, ತಳಕ್ಕೆ ಕೂರುತ್ತೆ, ಅದಕ್ಕೇ ಆಗಾಗ ಕಲಕ್ತಾ ಇರಿ. ಕಬ್ಬಿಣದ ಪುಡಿ ಹಾಕಿದ್ರೆ, ಉಜ್ಜಿದ್ಮೇಲೆ ಉಪ್ಪುನೀರು ಸವರಿ ಬಿಡಿ, ಒಳ್ಳೆ ತುಕ್ಕಿನ ಬಣ್ಣ ಬರುತ್ತೆ. ಕಿಟಕಿ ತೆಗೆದಿಟ್ಟು ಗ್ಲೌಸ್ ಹಾಕ್ಕೊಂಡು ಕೆಲಸ ಮಾಡಿ, ಪುಡಿ ಡಬ್ಬಿ ಮುಚ್ಚಳ ತೆಗೆಯೋ ಮುಂಚೆನೇ ಮಾಸ್ಕ್ ಹಾಕ್ಕೊಳ್ಳಿ, ಉಜ್ಜುವಾಗ್ಲೂ ತೆಗೀಬೇಡಿ. ನಮಸ್ಕಾರ.