ಬ್ಲಾಸ್ಟಿಂಗ್ ಆಯ್ತು, ಇನ್ನು ಪೇಂಟ್ ಹೊಡೀಬಹುದಾ?

ಎಲ್ಲರಿಗೂ ನಮಸ್ಕಾರ. ರೇಡಿಯೋದವರು ಫೋನ್ ಮಾಡಿ ಹತ್ತು ನಿಮಿಷ ಮಾತಾಡಿ ಅಂದ್ರು, ಯಾವ ವಿಷಯ ಅಂತ ಕೇಳಿದೆ, ನಿಮ್ಮದೇ ವಿಷಯ ಅಂದ್ರು. ನನ್ನ ವಿಷಯ ಅಂದ್ರೆ ತುಕ್ಕು ಮಾರಾಯ್ರೆ, ಮೂವತ್ತು ವರ್ಷ ಅದನ್ನೇ ನೋಡಿದ್ದು. ಬೈಕಂಪಾಡಿಯಲ್ಲಿ ಶೆಡ್ ಹಾಕ್ಕೊಂಡು ಫ್ಯಾಬ್ರಿಕೇಶನ್ ಮಾಡುವವರು, ಮಲ್ಪೆಯಲ್ಲಿ ಸ್ಟೀಲ್ ಬೋಟ್ ಇರುವವರು, ಕಾಂಟ್ರಾಕ್ಟರ್ ಹತ್ರ ಸೂಪರ್‌ವೈಸರ್ ಆಗಿರುವ ಹುಡುಗರು, ನೀವೇ ಕೇಳ್ತಾ ಇದ್ದೀರಿ ಅಂತ ಅಂದ್ಕೊಂಡು ಮಾತಾಡ್ತೇನೆ. ಒಂದೇ ಮಾತು ಹೇಳ್ಲಿಕ್ಕೆ ಬಂದದ್ದು. ಬ್ಲಾಸ್ಟಿಂಗ್ ಆದ ಮೇಲೆ ಕಣ್ಣಲ್ಲಿ ನೋಡಿ ಓಕೆ ಅನ್ಬೇಡಿ. ಉಪ್ಪು ಕಣ್ಣಿಗೆ ಕಾಣುದಿಲ್ಲ.

ಬ್ಲಾಸ್ಟಿಂಗ್ ಅಂದ್ರೆ ಗೊತ್ತಲ್ಲ, ಕಂಪ್ರೆಸರ್ ಗಾಳಿಯಲ್ಲಿ ಗ್ರಿಟ್, ಅಂದ್ರೆ ಗಟ್ಟಿ ತರಿ ಪುಡಿ, ಹೊಡೆದು ತುಕ್ಕು, ಹಳೇ ಪೇಂಟ್ ಎಲ್ಲ ಕಿತ್ತು ತೆಗೆಯುದು. ಕಾಪರ್ ಸ್ಲ್ಯಾಗ್ ಹಾಕಿ, ಗಾರ್ನೆಟ್ ಹಾಕಿ, ಸ್ಟೀಲ್ ಗ್ರಿಟ್ ಹಾಕಿ, ಮರಳು ಮಾತ್ರ ಬೇಡ. ಆ ಧೂಳು ಒಳಗೆ ಹೋದ್ರೆ ಸಿಲಿಕೋಸಿಸ್, ಶ್ವಾಸಕೋಶದ ಕಾಯಿಲೆ, ಬ್ರಿಟನ್ನಿನವರು 1949ರಲ್ಲೇ ಕಾನೂನು ಮಾಡಿದ್ದು ಸುಮ್ಮನೆ ಅಲ್ಲ.

ಸರಿ, ಹೊಡೆದಾಯ್ತು, ಕಬ್ಬಿಣ ಬೆಳ್ಳಗಾಯ್ತು. ಈಗ ಮೊದಲು ಫೋಟೋ ಪುಸ್ತಕ. ಐಎಸ್‌ಒ 8501-1 ಅಂತ, ಸ್ವೀಡನ್ನಿನವರ ಹಳೇ ಪುಸ್ತಕದಿಂದ ಬೆಳೆದು ಬಂದದ್ದು. ಪ್ಲೇಟಿನ ಪಕ್ಕ ಪುಸ್ತಕ ಹಿಡಿದು ಹೋಲಿಸಿ ನೋಡುದು, ನಮ್ಮ ಕೆಲಸಕ್ಕೆ ಹೆಚ್ಚಾಗಿ ಎಸ್‌ಎ ಎರಡೂವರೆ ಅನ್ನುವ ಗ್ರೇಡ್ ಕೇಳ್ತಾರೆ, ಅಂದ್ರೆ ಅಲ್ಲಲ್ಲಿ ತೆಳ್ಳಗೆ ಕಲೆ ಇದ್ರೆ ಇರಲಿ, ತುಕ್ಕು ಇರಬಾರ್ದು. ಆಮೇಲೆ ಪ್ರೊಫೈಲ್, ಮೈ ಎಷ್ಟು ತರಿತರಿ ಆಗಿದೆ ಅಂತ. ಅದಕ್ಕೆ ಕಂಪಾರೇಟರ್ ಅಂತ ನಾಲ್ಕು ಭಾಗದ ಬಿಲ್ಲೆ ಉಂಟು, ಉಗುರು ಆಡಿಸಿ ನೋಡ್ಬಹುದು. ನಂಬರೇ ಬೇಕಾದ್ರೆ ರೆಪ್ಲಿಕಾ ಟೇಪ್. ಅಂಟಿಸಿ, ದುಂಡು ಕಡ್ಡಿಯಲ್ಲಿ ಉಜ್ಜಿದ್ರೆ ಕಬ್ಬಿಣದ ಅಚ್ಚು ಅದರಲ್ಲಿ ಕೂರ್ತದೆ, ತೆಗೆದು ಡಯಲ್ ಗೇಜಲ್ಲಿ ಅಳೆಯುದು. ಅಳೆದು 50 ಕಳೀಬೇಕು, ಟೇಪಿನ ಪ್ಲಾಸ್ಟಿಕ್ಕೇ 50 ಮೈಕ್ರಾನ್ ದಪ್ಪ, ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹುಡುಗರು ಕಳೆಯುದಿಲ್ಲ! 110 ಅಂತ ಬರೆದು ತರ್ತಾರೆ, 60 ಅಲ್ವಾ ಅಂದ್ರೆ ನನ್ನ ಮುಖ ನೋಡ್ತಾರೆ. ಎಷ್ಟು ಸಲ ಹೇಳುದು.

ಇರ್ಲಿ. ನಾನು ಹೇಳ್ಬೇಕಾದ ಕತೆ ಬೇರೆ ಉಂಟು.

ಕಡಲ ಬದಿಯಲ್ಲೇ ಒಂದು ಸೈಟ್, ಹೆಸರು ಬೇಡ. ಬೆಂಕಿ ಬಿದ್ರೆ ಅಂತ ನೀರು ತುಂಬಿಸಿಡುವ ದೊಡ್ಡ ಟ್ಯಾಂಕ್ ಕಟ್ತಾ ಇದ್ರು. ಅದರ ಪ್ಲೇಟುಗಳು ಒಂದು ಇಡೀ ಮಳೆಗಾಲ ಬಯಲಲ್ಲಿ ಬಿದ್ದಿದ್ದವು, ಗುಳಿ ಗುಳಿ ಆಗಿತ್ತು. ಒಳಗೆ ಬ್ಲಾಸ್ಟಿಂಗ್ ಮುಗಿಸಿ ನನ್ನನ್ನು ಕರೆದ್ರು. ಟಾರ್ಚ್ ಹಾಕಿದೆ, ಅಬ್ಬಾ, ಮದುವೆ ಮನೆಯ ಹೊಸ ಪಾತ್ರೆ ಹಾಗೆ ಹೊಳೀತಾ ಉಂಟು. ನನ್ನ ಚೀಲದಲ್ಲಿ ಪುಸ್ತಕ ಉಂಟು, ಟೇಪ್ ಉಂಟು, ಉಪ್ಪಿನ ಕಿಟ್ ಇಲ್ಲ. ಇಷ್ಟು ಚೆಂದ ಆದದ್ದಕ್ಕೆ ಇನ್ನೇನು ಟೆಸ್ಟು ಅಂತ ಸೈನ್ ಹಾಕಿದೆ. ನಾನೇ ಹಾಕಿದ್ದು, ಬೇರೆಯವರ ಮೇಲೆ ಹೇಳುದಿಲ್ಲ.

ವರ್ಷ ಆಗ್ಲಿಲ್ಲ, ನೀರು ಖಾಲಿ ಮಾಡಿ ನೋಡಿದ್ರೆ ಒಳಗೆ ಕೆಳಗಿನ ಭಾಗ ಪೂರ್ತಿ ಹಪ್ಪಳ ಕರಿದಾಗ ಬರುವಂಥ ಗುಳ್ಳೆ. ಬ್ಲೇಡಿಂದ ಒಂದನ್ನು ಕೊಯ್ದೆ, ನೀರು ಪಿಚಕ್ ಅಂತ ಹಾರಿತು, ಅಡಿಯಲ್ಲಿ ಕಪ್ಪು ತುಕ್ಕು. ಮಾವಿನಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ರೆ ಮಿಡಿಯ ನೀರು ಹೊರಗೆ ಬರ್ತದಲ್ಲ, ಅದೇ ಇಲ್ಲಿ ಆದದ್ದು. ಗ್ರಿಟ್ ಹೊಡೆದ್ರೆ ತುಕ್ಕು ಹೋಗ್ತದೆ, ಕಡಲ ಗಾಳಿ ತಂದ ಉಪ್ಪು ಗುಳಿಯ ಬುಡದಲ್ಲೇ ಕೂತಿರ್ತದೆ. ಮೇಲೆ ಪೇಂಟ್ ಬಂತು, ಆಚೆ ಬದಿ ಸಿಹಿನೀರು, ಉಪ್ಪು ಪೇಂಟಿನ ಮೂಲಕವೇ ನೀರನ್ನು ಎಳ್ಕೊಳ್ತದೆ.

ಎಲ್ಲ ಕಿತ್ತು ಮತ್ತೆ ಬ್ಲಾಸ್ಟಿಂಗ್. ಈ ಸಲ ಬ್ರೆಸ್ಲ್ ಪ್ಯಾಚ್ ತಂದಿದ್ದೆ. ದೊಡ್ಡ ಅಂಚೆಚೀಟಿಯಷ್ಟು ಜಾಗ ಬಿಟ್ಟು ಸುತ್ತ ಅಂಟಿರುವ ರಬ್ಬರಿನ ಚೀಲ ಅದು. ಕಬ್ಬಿಣಕ್ಕೆ ಅಂಟಿಸಿ, ಸಿರಿಂಜಲ್ಲಿ ಡಿಸ್ಟಿಲ್ಡ್ ವಾಟರ್ ಚುಚ್ಚಿ, ಎಳೆದು, ಮತ್ತೆ ಬಿಟ್ಟು, ಮತ್ತೆ ಎಳೆದು, ಆ ನೀರನ್ನು ಕಂಡಕ್ಟಿವಿಟಿ ಮೀಟರಿಗೆ, ಅಂದ್ರೆ ನೀರಲ್ಲಿ ಕರೆಂಟ್ ಎಷ್ಟು ಹರೀತದೆ ಅಂತ ಅಳೆಯುವ ಮೀಟರಿಗೆ, ಹಾಕಿದ್ರೆ ಉಪ್ಪಿನ ಲೆಕ್ಕ ಸಿಗ್ತದೆ. ಹಡಗಿನ ಸಮತೋಲಕ್ಕೆ ಕಡಲ ನೀರು ತುಂಬಿಸುವ ಬ್ಯಾಲಸ್ಟ್ ಟ್ಯಾಂಕಿಗೆ 2006ರಲ್ಲಿ ಮಾಡಿದ ನಿಯಮ ಉಂಟು, ಚದರ ಮೀಟರಿಗೆ 50 ಮಿಲಿಗ್ರಾಂ ದಾಟಬಾರ್ದು ಅಂತ. ನಮ್ಮದು 150ರ ಮೇಲೆ! ತೊಳೀರಿ ಅಂದೆ. ಅಲ್ಲೇ ಬಾವಿ ಇತ್ತು, ಪಂಪ್ ಹಾಕಿ ತೊಳೆದ್ರು, ಒಣಗಿಸಿ ಹೊಡೆದು ಅಳೆದ್ರೆ ಸ್ವಲ್ಪವೂ ಇಳೀಲಿಲ್ಲ. ನನಗೆ ತಲೆ ಕೆಟ್ಟಿತು. ಆಮೇಲೆ ಬುದ್ಧಿ ಬಂತು, ಮೀಟರನ್ನು ಬಾವಿ ನೀರಿಗೇ ಅದ್ದಿದೆ, ನಂಬರ್ ಏರಿದ್ದು ಏರಿದ್ದೇ. ಕಡಲ ಬದಿಯ ಬಾವಿ ಅಲ್ವಾ ಮಾರಾಯ್ರೆ, ಉಪ್ಪು ತೊಳೀಲಿಕ್ಕೆ ಉಪ್ಪುನೀರು ಹಾಕಿದ್ದು! ಬಂಟ್ವಾಳದ ಕಡೆಯಿಂದ ಟ್ಯಾಂಕರಲ್ಲಿ ಸಿಹಿನೀರು ತರಿಸಿ ತೊಳೆದ ಮೇಲೆ 50ರ ಕೆಳಗೆ ಬಂತು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರನ್ನೂ ಹಾಗೇ ನಂಬ್ಬೇಡಿ, ಪ್ಯಾಚಿಗೆ ಚುಚ್ಚುವ ಮೊದಲು ಮೀಟರಿಗೆ ಹಾಕಿ ಬರೆದಿಟ್ಟು, ಕೊನೆಗೆ ಅದನ್ನು ಕಳೀರಿ. ಬಾವಿ ನೀರೂ ತಿಳಿಯಾಗೇ ಇತ್ತು, ಪ್ಲೇಟೂ ಬೆಳ್ಳಗೇ ಇತ್ತು. ಉಪ್ಪು ಕಣ್ಣಿಗೆ ಕಾಣುದಿಲ್ಲ, ಅಷ್ಟೇ.

ಗಾಜಿನ ಆಚೆ ಕೂತವರು ಎರಡು ಬೆರಳು ತೋರಿಸ್ತಾ ಇದ್ದಾರೆ, ಎರಡೇ ನಿಮಿಷ ಅಂತೆ. ಧೂಳಿಗೆ ಪಾರದರ್ಶಕ ಟೇಪ್ ಒತ್ತಿ ಕಿತ್ತು ಬಿಳಿ ಕಾಗದಕ್ಕೆ ಅಂಟಿಸಿ ನೋಡಿ, ಹೋಲಿಸಿ ನೋಡ್ಲಿಕ್ಕೆ ಒಂದರಿಂದ ಐದರವರೆಗೆ ಚಿತ್ರ ಉಂಟು. ಹೊಡೆದ ಮೇಲೆ ಬರಿಗೈಯಲ್ಲಿ ಮುಟ್ಬೇಡಿ, ಬೆವರಲ್ಲೂ ಉಪ್ಪೇ. ಗಾಳಿಯ ತೇವ 85 ಪರ್ಸೆಂಟ್ ದಾಟಿದ್ರೆ ಪೇಂಟ್ ಬೇಡ, ಕಬ್ಬಿಣದ ಉಷ್ಣತೆ ಡ್ಯೂ ಪಾಯಿಂಟಿಗಿಂತ, ಅಂದ್ರೆ ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆಗಿಂತ, ಮೂರು ಡಿಗ್ರಿಯಾದ್ರೂ ಮೇಲಿರ್ಬೇಕು, ಜೂನ್ ಜುಲೈಯಲ್ಲಿ ನಮ್ಮೂರಲ್ಲಿ ಇದು ಸಿಗುದೇ ಕಷ್ಟ, ಅದಕ್ಕೆ ಬೇರೆ ದಿನ ಕರೀಲಿ, ಮಾತಾಡ್ತೇನೆ. ಕಂಪ್ರೆಸರ್ ಗಾಳಿಯನ್ನು ಒಂದು ನಿಮಿಷ ಬಿಳಿ ಒತ್ತುಕಾಗದಕ್ಕೆ ಬಿಟ್ಟು ನೋಡಿ, ಎಣ್ಣೆ ಕಲೆ ಬಂದ್ರೆ ಬ್ಲಾಸ್ಟಿಂಗ್ ಶುರು ಮಾಡ್ಲೇಬೇಡಿ. ಪ್ರೆಶರ್ ಮಾತ್ರ ಕಂಪ್ರೆಸರ್ ಹತ್ರ ನೋಡಿ ಬರಿಯುದಲ್ಲ, ಸೂಜಿ ಇರುವ ಗೇಜ್ ಉಂಟು, ಕೆಲಸ ನಡೀತಾ ಇರುವಾಗಲೇ ನಾಝಲ್ ಪಕ್ಕ ಹೋಸಿಗೆ ಚುಚ್ಚುದು, ತೂತು ತನ್ನಷ್ಟಕ್ಕೆ ಮುಚ್ಚಿಕೊಳ್ತದೆ, ಹೆದರ್ಬೇಡಿ. ಹಾಂ, ಆಯ್ತು ಆಯ್ತು, ಮುಗಿಸ್ತೇನೆ. ನಮಸ್ಕಾರ.